ಮೆಣಸಿನ ತೊಟ್ಟಿನ ಹೆಪ್ಪು

ಹೊದ್ಕೊಂಡು ಮಲಗು ಪುಟ್ಟಿ, ಕಾಲು ಒದೀಬೇಡ. ಇವತ್ತು ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಅಂತ ಕತೆ ಆದ ಮೇಲೆ ಹೇಳ್ತೀನಿ.

ತವರಿನ ಎಮ್ಮೆಯೇ ಹೆಣ್ಣಿಗೆ ಆಸ್ತಿಯಾಗಿದ್ದ ಒಂದಾನೊಂದು ಕಾಲದಲ್ಲಿ, ಒಂದೂರಲ್ಲಿ ಮೊಸರು ಮಾರೋ ನಾಲ್ಕು ಜನ ಅಣ್ಣತಮ್ಮಂದಿರು ಇದ್ರಂತೆ, ಕಡೆಯವನ ಹೆಂಡ್ತಿ ಹೆಸರು ಚಿಕ್ಕತಾಯಿ ಅಂತೆ. ಗಂಡ ತೀರಿಹೋದ ಮೇಲೂ ಅವಳು ಮೂರು ಜನ ಬಾವಂದಿರ ಕೊಟ್ಟಿಗೇಲಿ ಸಗಣಿ ಬಾಚ್ತಾ, ಹಾಲು ಕರೀತಾ, ಗಡಿಗೆ ತೊಳೀತಾ ಇದ್ಲಂತೆ. ಬಾವಂದಿರು ಹಾಲಿಗೆ ನೀರು ಸುರಿದು, ಹೆಪ್ಪು ಹಾಕಿ, ಆ ನೀರು ಮೊಸರನ್ನೇ ಸಂತೇಲಿ ಮಾರ್ತಿದ್ರಂತೆ. ಒಂದಿನ ಇವಳು, ಬಾವ, ನೀರು ಬೆರೆಸದೆ ಗಟ್ಟಿ ಮೊಸರು ಮಾಡಿ ನಾನೇ ಸಂತೆಗೆ ಹೊತ್ಕೊಂಡು ಹೋಗ್ತೀನಿ ಅಂದ್ಲಂತೆ. ಅಷ್ಟಕ್ಕೇ ಮೂವರೂ ಉರಿದುಬಿದ್ರಂತೆ, ಹೆಣ್ಣು ಹೆಂಗಸು ಯಾಪಾರ ಮಾಡೋದುಂಟಾ ಅಂತ. ಸಗಣಿ ಬಾಚೋವಾಗ ಅವಳು ಹೆಂಗಸು ಅಂತ ನೆನಪಿರಲಿಲ್ಲ, ಸಂತೆ ಅಂದ ಕೂಡ್ಲೆ ನೆನಪಾಯ್ತು ಆ ಮಹಾನುಭಾವರಿಗೆ! ಊರ ಹಿರೀಕರ ಮುಂದೆ ನಿಂತು, ನಮಗೂ ಇವಳಿಗೂ ಹುಟ್ಟಿದ ಸಂಭ್ರಮವೂ ಇಲ್ಲ, ಸತ್ತ ಸೂತಕವೂ ಇಲ್ಲ ಅಂತ ಹೇಳಿ ಆಚೆಗೆ ಹಾಕಿದ್ರಂತೆ.

ಅವಳು ತವರಿಂದ ಬಳುವಳಿಯಾಗಿ ಬಂದಿದ್ದ, ಗೆಜ್ಜೆ ಅನ್ನೋ ಹೆಸರಿನ ತನ್ನ ಎಮ್ಮೆಯನ್ನ ಹಿಡ್ಕೊಂಡು ಊರಾಚೆ ಒಂದು ಗುಡಿಸಲಿಗೆ ಹೋದ್ಲಂತೆ. ಎಮ್ಮೆ ಇದೆ, ಹಾಲಿದೆ, ಹೆಪ್ಪಿಲ್ಲ. ಸಂತೆ ದೂರ, ಹಾಲು ಹೊತ್ರೆ ದಾರೀಲೇ ಕೆಟ್ಟುಹೋಗುತ್ತೆ, ಮೊಸರೇ ಆಗ್ಬೇಕು. ಮೊಸರು ಮಾರದಿದ್ರೆ ಎಮ್ಮೆಗೆ ಹಿಂಡಿ ಇಲ್ಲ, ಗೆಜ್ಜೆಯನ್ನ ಮಾರಿ ಮತ್ತೆ ಅದೇ ಕೊಟ್ಟಿಗೆಗೆ ಹೋಗ್ಬೇಕು.

ಆಮೇಲೆ ಬಟ್ಟಲು ಹಿಡ್ಕೊಂಡು ದೊಡ್ಡಬಾವನ ಬಾಗಿಲಿಗೆ ಹೋದ್ಲಂತೆ. ಅವನು, ಇವತ್ತು ಶುಕ್ರವಾರ, ಹೆಪ್ಪು ಕೊಟ್ರೆ ಲಕ್ಷ್ಮಿ ಹೊರಟುಹೋಗ್ತಾಳೆ ಅಂದ್ನಂತೆ. ಮಾರನೇ ದಿನ ನಡುಬಾವನ ಹತ್ರ ಹೋದ್ರೆ, ಅವನು ಇವಳನ್ನ ದೂರದಿಂದ ನೋಡಿದವನೇ ಒಳಗೋಡಿ, ಹಾಡಹಗಲಲ್ಲೇ ದೀಪ ಹಚ್ಚಿಟ್ಟು, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂದ್ನಂತೆ. ಸಣ್ಣಬಾವನಿಗೆ ನೆಪ ಹೇಳೋಷ್ಟು ಬುದ್ಧಿಯೂ ಇರಲಿಲ್ಲ, ಮುಖದ ಮೇಲೆ ಬಾಗಿಲು ಹಾಕಿದ್ನಂತೆ. ಅವಳಿಗೆ ಹೆಪ್ಪು ಕೊಟ್ಟ ಮನೆಗೆ ನಾವು ಮೊಸರು ಹಾಕಲ್ಲ ಅಂತ ಊರಿಗೆಲ್ಲ ಬೇರೆ ಹೇಳಿಟ್ಟಿದ್ರಂತೆ. ಥೂ!

ಆಮೇಲೆ ಅವಳು ಹಾಲಿಗೆ ಹುಣಸೆಹಣ್ಣು ಹಿಂಡಿದ್ಲಂತೆ, ಒಡೆದುಹೋಯ್ತಂತೆ. ನಿಂಬೆಹಣ್ಣು ಹಿಂಡಿದ್ಲಂತೆ, ಅದೂ ಒಡೀತಂತೆ. ಮೂರನೇ ಸಂಜೆ ಕಾಯಿಸಿದ ಹಾಲು ಆರೋಕೆ ಇಟ್ಟು, ಒಣಮೆಣಸಿನಕಾಯಿ ತೊಟ್ಟು ಮುರೀತಾ ಕೂತಿದ್ಲಂತೆ. ದೊಡ್ಡಬಾವನ ಶುಕ್ರವಾರ ನೆನಪಾಯ್ತು, ಒಂದು ತೊಟ್ಟು ಬೀಸಿ ಎಸೆದ್ಲು. ನಡುಬಾವನ ದೀಪ ನೆನಪಾಯ್ತು, ಇನ್ನೊಂದು ಎಸೆದ್ಲು. ಸಣ್ಣಬಾವನ ಬಾಗಿಲು ನೆನಪಾಗಿದ್ದೇ ಒಂದು ಹಿಡಿ ತೊಟ್ಟನ್ನೇ ಎಸೆದು, ಎಲ್ಲಿ ಬಿತ್ತು ಅಂತಲೂ ನೋಡದೆ ಮುಸುಕೆಳೆದು ಮಲಗಿದ್ಲಂತೆ. ಬೆಳಗೆದ್ದು ನೋಡಿದ್ರೆ ತೊಟ್ಟೆಲ್ಲ ಗಡಿಗೇಲಿ ಬಿದ್ದಿದೆ, ಹಾಲು ಹೆಪ್ಪುಗಟ್ಟಿದೆ!

ಮೊಸರು ಅನ್ನೋ ಹಾಗಿರಲಿಲ್ಲ ಬಿಡು, ನೀರು ನೀರು, ಲೋಳೆ ಲೋಳೆ. ಬೇರೆಯವರಾಗಿದ್ರೆ ಚೆಲ್ಲೋರು. ಇವಳು ಅದರಿಂದ ಒಂದು ಚಮಚ ಮಾರನೇ ದಿನದ ಹಾಲಿಗೆ ಹಾಕಿದ್ಲಂತೆ, ಅದರದ್ದನ್ನ ಮತ್ತೊಂದು ದಿನದ ಹಾಲಿಗೆ ಹಾಕಿದ್ಲಂತೆ, ಆಮೇಲೆ ನೋಡು, ಗಡಿಗೆ ಬೋರಲು ಹಾಕಿದ್ರೂ ಬೀಳದಂಥ ಮೊಸರು!

ತೊಟ್ಟಿನ ಸುದ್ದಿ ಹೇಗೋ ತಿಳ್ಕೊಂಡ ಬಾವಂದಿರು ಮೊದಲ ಸಂತೇಲಿ, ಅದು ಮೆಣಸಿನ ಮೊಸರು, ತಿಂದ್ರೆ ಹೊಟ್ಟೆ ಉರಿಯುತ್ತೆ ಅಂತ ಸಾರಿದ್ರಂತೆ. ಒಬ್ಬರೂ ತಗೊಳ್ಳಲಿಲ್ಲ, ಹೊತ್ತ ಗಡಿಗೆ ಹಾಗೇ ಹೊತ್ಕೊಂಡು ಬಂದ್ಲಂತೆ. ಹೊಟ್ಟೆ ಉರಿದದ್ದು ಯಾರಿಗೆ ಅಂತ ನಿನಗೆ ಗೊತ್ತಲ್ಲ! ಎರಡನೇ ಸಂತೇಲಿ ಇಬ್ಬರು ಮುದುಕಿಯರು ತಗೊಂಡ್ರಂತೆ. ಮೂರನೇ ಸಂತೇಲಿ ಆ ಮುದುಕಿಯರ ಬೀದಿಯೇ ಬಂತಂತೆ. ಹೀಗೆ ಎರಡು ವರ್ಷ ಒಂದು ಸಂತೆಯನ್ನೂ ತಪ್ಪಿಸದೆ, ಒಂದು ತೊಟ್ಟು ನೀರೂ ಬೆರೆಸದೆ ಮಾರಿದ್ಲಂತೆ. ಆಮೇಲೆ ಊರವರೂ ಅವಳ ಹತ್ರ ಬರೋಕೆ ಶುರು ಮಾಡಿದ್ರಂತೆ.

ಅಷ್ಟರಲ್ಲಿ ಬಾವಂದಿರ ದೊಡ್ಡಪ್ಪ ತೀರಿಕೊಂಡ್ರಂತೆ. ಸೂತಕ ಬಂದ ಮನೇಲಿ ಹಳೇ ಮೊಸರು ಇಟ್ಕೊಳ್ಳೋ ಹಾಗಿಲ್ಲ, ಹೆಪ್ಪಿನ ಸಮೇತ ಎಲ್ಲ ಗಡಿಗೆ ಬರಿದು ಮಾಡಿದ್ರಂತೆ. ಇವಳೂ ಚೆಲ್ಲಲಿ ಅಂತ ಬಾವಂದಿರು ಹಿರೀಕರ ಹತ್ರ ಹೋದ್ರಂತೆ. ಚಿಕ್ಕತಾಯಿ ಅಲ್ಲಿಗೇ ಬಂದು, ಸತ್ತ ಸೂತಕವೂ ಇಲ್ಲ ಅಂತ ಇದೇ ಜಾಗದಲ್ಲಿ ಅಂದವರು ಯಾರು, ಹೇಳಿ ಅಂತ ಗುಡುಗಿದ್ಲಂತೆ. ಹಿರೀಕರು, ಹೌದಮ್ಮ, ನಿನಗೆ ಸೂತಕ ಇಲ್ಲ, ನಿನ್ನ ಗಡಿಗೆ ಮುಟ್ಟೋ ಹಾಗಿಲ್ಲ ಅಂದ್ರಂತೆ.

ಸೂತಕ ಕಳೀತಂತೆ. ಬಾವಂದಿರ ಹತ್ರ ಎಮ್ಮೆ ಇದೆ, ಹಾಲಿದೆ, ಹೆಪ್ಪಿಲ್ಲ! ಊರಲ್ಲಿ ಯಾರನ್ನ ಕೇಳಿದ್ರೂ, ನಮ್ಮನೇಲಿರೋದೂ ಚಿಕ್ಕತಾಯಿ ಹೆಪ್ಪೇ, ಅವಳನ್ನೇ ಕೇಳಿ ಅಂದ್ರಂತೆ. ಮೂವರೂ ಬಟ್ಟಲು ಹಿಡ್ಕೊಂಡು ಅವಳ ಬಾಗಿಲಿಗೆ ಬಂದ್ರಂತೆ. ಅವತ್ತು ಶುಕ್ರವಾರ. ದೀಪವೂ ಹಚ್ಚಾಗಿತ್ತು.

ಅವಳು ಮೂವರನ್ನೂ ಹೊಸಿಲಾಚೆ ನಿಲ್ಲಿಸಿ, ಒಂದೊಂದು ಬಟ್ಟಲಿಗೆ ಒಂದೊಂದು ಮೆಣಸಿನ ತೊಟ್ಟು ಹಾಕಿದ್ಲಂತೆ. ನಾನು ಶುರು ಮಾಡಿದ್ದು ಇದರಲ್ಲೇ ಅಂದ್ಲಂತೆ. ಮೂವರೂ ತಲೆ ತಗ್ಗಿಸಿ ಹೊರಟಿದ್ರು, ನಿಲ್ಲಿ ಅಂದ್ಲಂತೆ. ಒಳಗಿಂದ ಗಡಿಗೆ ತಂದು ಮೂರು ಬಟ್ಟಲಿಗೂ ಹೆಪ್ಪು ಹಾಕಿದ್ಲಂತೆ. ನಿಮ್ಮ ಮುಖ ನೋಡಿ ಕೊಡ್ತಿಲ್ಲ ಬಾವ, ಖಾಲಿ ಬಟ್ಟಲು ನೋಡಿ ಕೊಡ್ತಿದೀನಿ ಅಂದ್ಲಂತೆ. ಲಕ್ಷ್ಮಿ ಎಲ್ಲಿಗೂ ಹೋಗಲಿಲ್ಲ. ಗೆಜ್ಜೆಯ ಮಕ್ಕಳು ಮೊಮ್ಮಕ್ಕಳು ಅಂತ ಕೊಟ್ಟಿಗೆ ತುಂಬಿ, ಚಿಕ್ಕತಾಯಿ ನೂರು ವರ್ಷ ಸುಖವಾಗಿದ್ಲಂತೆ.

ಈಗ ಹೇಳು ಪುಟ್ಟಿ. ಮೇಲ್ಗಡೆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರೋ ಆ ಹುಡುಗಿ, ಇವತ್ತು ಸಂಜೆ ಒಂದು ಚಮಚ ಹೆಪ್ಪು ಕೇಳೋಕೆ ಬಂದ್ರೆ, ಆಟ ಬಿಟ್ಟು ಏಳೋಕೆ ಸೋಮಾರಿತನ ಪಟ್ಟು, ಇಲ್ಲ ಅಂದು ಕಳಿಸಿದವಳು ಯಾರು? ಮುಸುಕು ಹಾಕ್ಕೋಬೇಡ, ನನಗೆಲ್ಲ ಕೇಳಿಸಿದೆ. ಕತೆ ಮುಗೀತು. ಸಿಟ್ಟು ಮುಗಿಯೋದು ಬೆಳಗ್ಗೆ ನೀನು ಬಟ್ಟಲು ತಗೊಂಡು ಮೆಟ್ಟಿಲು ಹತ್ತಿದ ಮೇಲೆ.