ರುಚಿ ನೋಡಿದ ಸಾರು

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಮಠಕ್ಕೊಬ್ಬ ಗುರು. ಅವರನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಆ ಕಡೆಯ ರೂಢಿಯಂತೆ ಎಲ್ಲರಿಗೂ ಅವರು ಅಜ್ಜಾರು.

ಒಂದು ಭಾನುವಾರ ಬೆಳಿಗ್ಗೆ ಚನ್ನವೀರನೆಂಬ ಶಿಷ್ಯ ಹುಬ್ಬಳ್ಳಿಯಿಂದ ಓಡಿಬಂದ. ಓಡಿಬಂದ ಎಂದರೆ ಬಸ್ಸಿನಲ್ಲೇ ಬಂದ, ಆದರೆ ಮನಸ್ಸು ಬಸ್ಸಿಗಿಂತ ಮುಂದೆ ಓಡುತ್ತಿತ್ತು.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕಾವಿ ಬಟ್ಟೆ ಹಿಂಡುತ್ತಿದ್ದರು. ಚನ್ನವೀರ ಕಾಲಿಗೆರಗಿ, ಕೂತು, ಕೂರಲಾಗದೆ ಮತ್ತೆ ಎದ್ದು ನಿಂತು ತನ್ನ ಕಷ್ಟ ತೋಡಿಕೊಂಡ.

ಕಷ್ಟ ಇಷ್ಟು. ಗೆಳತಿ ಅಫ್ರೀನಳ ಜೊತೆ ಸೇರಿ ಅವನೊಂದು ಸಣ್ಣ ಕಂಪನಿ ಶುರುಮಾಡಿದ್ದ. ದರ್ಜಿಗಳಿಗಾಗಿ ಒಂದು ಆ್ಯಪ್ ಬರೆದಿದ್ದ. ಯಾರ ರವಿಕೆಯ ಅಳತೆ ಎಷ್ಟು, ಯಾರ ಬಟ್ಟೆ ಯಾವತ್ತು ಕೊಡಬೇಕು, ಎಲ್ಲವನ್ನೂ ಅದು ಫೋನಿನಲ್ಲೇ ನೆನಪಿಡುತ್ತದೆ.

ಆ್ಯಪ್ ಸಿದ್ಧವಾಗಿ ಬಹಳ ದಿನವಾಗಿತ್ತು. ಆದರೆ ಬಿಡುಗಡೆಯಾಗಿರಲಿಲ್ಲ. ಅಂದರೆ, ಒಬ್ಬ ದರ್ಜಿಯೂ ಅದನ್ನು ಇನ್ನೂ ಮುಟ್ಟಿರಲಿಲ್ಲ. ಚನ್ನವೀರನೇ ದಿನವೂ ಅದನ್ನು ತೆರೆದು, ಇಲ್ಲದ ಗಿರಾಕಿಯ ಇಲ್ಲದ ಅಳತೆ ತುಂಬಿ, ಒಂದು ಬಟನ್ನಿನ ಜಾಗ ಬದಲಿಸುತ್ತಿದ್ದ. ಮರುದಿನ ಅದನ್ನು ಮೊದಲಿದ್ದ ಜಾಗಕ್ಕೇ ತರುತ್ತಿದ್ದ.

ಸೋಮವಾರಕ್ಕೆ ಅಫ್ರೀನ್ ಪೇಟೆಯ ದರ್ಜಿಗಳನ್ನು ಕರೆದಿದ್ದಳು. ಹಿಂದೆಯೂ ಕರೆದಿದ್ದಳು, ಇವನು ಮುಂದೂಡಿದ್ದ. ಈ ಸಲವೂ ಮುಂದೂಡಿದರೆ ತಾನು ಕಂಪನಿ ಬಿಡುತ್ತೇನೆ, ಆ್ಯಪಿಗೆ ನೀನೇ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿಕೋ ಎಂದು ಹೇಳಿ ಫೋನ್ ಇಟ್ಟಿದ್ದಳು.

"ಅದು ತಯಾರ ಆಗೇತೋ ಇಲ್ಲೋ, ನೀವ ಹೇಳ್ರಿ ಅಜ್ಜಾರ."

"ದರ್ಜಿಗೋಳು ಏನಂದ್ರು?"

"ಅವರಿಗೆ ಇನ್ನೂ ತೋರ್ಸಿಲ್ರಿ."

ಅಜ್ಜಾರು ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ, ಕೊಡವಿ, ಬಂಡೆಯ ಮೇಲೆ ಹರವಿದರು. ಇವತ್ತಿನ ದಾಸೋಹಕ್ಕೆ ಸಾರು ನೀನೇ ಮಾಡು ಎಂದು ಅವನನ್ನು ಅಡುಗೆಮನೆಗೆ ಕಳಿಸಿದರು. ದಾಸೋಹವೆಂದರೆ ಬಂದವರಿಗೆಲ್ಲ ಊಟ. ಅಲ್ಲಿ ಯಾರನ್ನೂ ಯಾರು ನೀನು ಎಂದು ಕೇಳುವುದಿಲ್ಲ.

ಅಡುಗೆಮನೆಯ ಈರವ್ವ ಅವನ ಕೈಗೆ ಸೌಟು ಕೊಟ್ಟು ಒಂದೇ ಕಟ್ಟಳೆ ಹೇಳಿದಳು. ಗದ್ದುಗೆಗೆ, ಅಂದರೆ ಮಠದ ಮೂಲಗುರುವಿನ ಸಮಾಧಿಗೆ, ಎಡೆ ಹಿಡಿಯುವ ಮುಂಚೆ ಮಾಡಿದವರು ರುಚಿ ನೋಡುವಂತಿಲ್ಲ. ಮೊದಲು ದೇವರಿಗೆ, ಆಮೇಲೆ ಹಸಿದವರಿಗೆ, ಮಾಡಿದವರಿಗೆ ಕೊನೆಗೆ. ಉಪ್ಪು, ಹುಳಿ, ಖಾರ ಎಲ್ಲ ಕೈಯಂದಾಜು.

"ಅಂದಾಜ ತಪ್ಪಿದ್ರ?" ಎಂದ ಚನ್ನವೀರ.

"ತಪ್ಪಿದ್ರ ಬೈತಾರ," ಎಂದಳು ಈರವ್ವ. "ನೀ ಏನ್ ಬೈಗುಳ ತಿಂದ್ರ ಕರಗೋ ಬೆಲ್ಲದ ಉಂಡೇನೋ?"

ಅವಳು ಅನ್ನ ಬಸಿಯಲು ಹಿತ್ತಲಿಗೆ ಹೋದಳು. ಬೇಳೆ ಬೆಂದಿತು. ಸಾರು ಕುದಿಯಿತು. ಅದರ ಜೊತೆಗೆ ಚನ್ನವೀರನೂ ಕುದಿಯತೊಡಗಿದ.

ಉಪ್ಪು ಕಡಿಮೆಯಾಯಿತೇ? ಹೆಚ್ಚಾಯಿತೇ? ಅವನು ಒಲೆಯ ಸುತ್ತ ತಿರುಗಿದ. ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದ.

ಕಡಿಮೆ ಅನ್ನಿಸಿತು. ಉಪ್ಪು ಹಾಕಿದ. ಮತ್ತೆ ನೆಕ್ಕಿದ, ಹೆಚ್ಚು ಅನ್ನಿಸಿತು. ನೀರು ಸುರಿದ. ಹುಳಿ ಸಾಲದೆನಿಸಿ ಹುಣಸೆ ಕಿವುಚಿದ. ಹುಳಿ ಮುಂದಾಯಿತೆಂದು ಬೆಲ್ಲ ಹಾಕಿದ, ಬೆಲ್ಲ ಅಡಗಲೆಂದು ಖಾರ ಹಾಕಿದ. ಸರಿಯಾಗಿದ್ದದ್ದು ಯಾವಾಗ, ಕೆಟ್ಟದ್ದು ಯಾವಾಗ ಎಂಬುದೇ ಅವನಿಗೆ ತಿಳಿಯದಂತಾಯಿತು.

ಹೊರಗೆ ಪಂಕ್ತಿ ಕೂತಿತ್ತು. ಎಲೆಗಳ ಮೇಲೆ ಚಿಮುಕಿಸಿದ ನೀರು ಆರಿಹೋಗಿತ್ತು. ಮಕ್ಕಳು ಅಳುತ್ತಿದ್ದವು. ಈರವ್ವ ಬಂದು ಕರೆದಳು. ಇನ್ನೊಂದೀಟು ತಡಿ ಎಂದ. ಮತ್ತೆ ಬಂದಳು, ಮತ್ತೆ ಅದೇ ಮಾತು. ಕೊನೆಗೆ ಅಜ್ಜಾರೇ ಒಳಗೆ ಬಂದರು.

ಅವನ ಅಂಗೈಯ ಅರಿಶಿನ ಬಣ್ಣವನ್ನು ಅವರು ನೋಡಿದರು. ಕಟ್ಟಳೆ ಮುರಿದದ್ದು ಅದರಿಂದಲೇ ಗೊತ್ತಾಯಿತು.

"ರುಚಿ ನೋಡಿದಿ?"

"ಹೂನ್ರಿ. ತಪ್ಪಾತು."

"ಹೆಂಗೈತಿ?"

ಚನ್ನವೀರ ಸೌಟು ಕೆಳಗಿಟ್ಟ. "ಗೊತ್ತಾಗವಲ್ದರಿ ಅಜ್ಜಾರ. ನಾಲಿಗಿ ಸತ್ತಂಗಾಗೇತಿ."

ಎಡೆಗೆ ಬರೀ ಅನ್ನ, ಬಾಳೆಹಣ್ಣು ಸಾಕು ಎಂದು ಅಜ್ಜಾರು ಈರವ್ವನಿಗೆ ಹೇಳಿದರು. ರುಚಿ ನೋಡಿದ ಸಾರು ಗದ್ದುಗೆಗೆ ಸಲ್ಲದಷ್ಟೆ, ಹಸಿದವರಿಗೆ ಸಲ್ಲುತ್ತದೆ. ಎಡೆ ಮುಗಿದ ಮೇಲೆ ಅವರೇ ಬಂದು ಪಾತ್ರೆಯ ಒಂದು ಕಿವಿಗೆ ಬಟ್ಟೆ ಸುತ್ತಿ ಕೈ ಹಾಕಿದರು.

"ಆ ಕಡೆ ನೀ ಹಿಡಿ."

"ಅಜ್ಜಾರ, ಇದು ಕೆಟ್ಟಿದ್ರ?"

"ಹಿಡಿ."

ಚನ್ನವೀರ ಸಾರನ್ನು ಸಣ್ಣ ಪಾತ್ರೆಗೆ ತೋಡಿಕೊಂಡು ಬಡಿಸತೊಡಗಿದ. ಯಾರ ಮುಖವನ್ನೂ ನೋಡದೆ, ಎಲೆಗಳನ್ನಷ್ಟೇ ನೋಡುತ್ತ ಮುಂದೆ ಸರಿದ.

ಸಾಲಿನ ನಡುವೆ ಒಬ್ಬ ಮುದುಕಿ ಅವನನ್ನು ತಡೆದಳು. "ಏ ತಮ್ಮಾ, ಉಪ್ಪಿನ ಗಡಿಗಿ ಕೈ ಜಾರಿ ಬಿತ್ತೇನು?"

ಸುತ್ತಲಿನವರು ನಕ್ಕರು. ಇಷ್ಟು ದಿನ ಅವನು ಹೆದರಿದ್ದು ಇದೇ ನಗೆಗೆ. ಅವನು ಪಾತ್ರೆ ಹಿಡಿದು ಹಿಂದೆ ಸರಿಯಲು ನೋಡಿದ.

"ಓಡಿ ಹೊಂಟಿ ಎಲ್ಲಿಗೆ?" ಎಂದಳು ಮುದುಕಿ. "ಇನ್ನೊಂದು ಸೌಟ ಅನ್ನ ಹಾಕ್ಸು. ಅದರ ಮ್ಯಾಲ ಇನ್ನೊಂದು ಸೌಟ ಸಾರು ಹಾಕು. ಉಪ್ಪ ಒಂದ ಬಿಟ್ರ ಬಾಯಿಗೆ ಹತ್ತೇತಿ."

ಚನ್ನವೀರ ಹಾಕಿದ. ಅವಳ ಪಕ್ಕದವನು ಬೆಲ್ಲ ಜಾಸ್ತಿ ಎಂದ, ಅವನೂ ಎರಡನೆಯ ಸಲ ಹಾಕಿಸಿಕೊಂಡ. ಇನ್ನೊಬ್ಬ ಮಾತ್ರ ಸಾರನ್ನು ಎಲೆಯ ಬದಿಗೆ ಸರಿಸಿ ಬರೀ ಮಜ್ಜಿಗೆಯಲ್ಲಿ ಊಟ ಮುಗಿಸಿದ. ಅದನ್ನೂ ಚನ್ನವೀರ ನೋಡಿದ. ಈಗ ಅವನು ಮುಖಗಳನ್ನು ನೋಡುತ್ತಿದ್ದ.

ಪಂಕ್ತಿ ಎದ್ದಿತು. ಅವನು ಅಜ್ಜಾರ ಹಿಂದೆ ಓಡಿದ. ಸಂಜೆಯವರೆಗೆ ಹೊತ್ತು ಕೊಟ್ಟರೆ ಸಾರನ್ನು ಹೊಸದಾಗಿ, ತಪ್ಪಿಲ್ಲದಂತೆ ಮಾಡುವುದಾಗಿ ಹೇಳಿದ.

"ಉಂಡವರು ಎದ್ದು ಹ್ವಾದ್ರು," ಎಂದರು ಅಜ್ಜಾರು. "ಯಾರಿಗೆ ಮಾಡ್ತಿ?"

ಚನ್ನವೀರ ಹೊಳೆಯ ದಂಡೆಗೆ ಹೋಗಿ ಅತ್ತಿಂದಿತ್ತ ತಿರುಗಾಡಿದ. ಆಮೇಲೆ ಅಫ್ರೀನಳಿಗೆ ಫೋನ್ ಮಾಡಿ, ನಾಳೆ ದರ್ಜಿಗಳು ಬರಲಿ, ತಾನೂ ಬರುತ್ತೇನೆ ಎಂದ.

ಅವಳಿಗೆ ನಂಬಿಕೆ ಬರಲಿಲ್ಲ. "ಎಲ್ಲಾ ಸರಿ ಆತೇನು?"

"ಇಲ್ಲ."

"ಮತ್ತ?"

"ಅದಕ್ಕ ಕರಿ ಅನ್ನಾಕತ್ತೀನಿ."

ಬೆಳಿಗ್ಗೆ ತಡಮಾಡಬೇಡ ಎಂದಳು ಅವಳು.

ಹೊರಡುವಾಗ ಅವನು ಮತ್ತೆ ಅಜ್ಜಾರ ಕಾಲಿಗೆರಗಿದ. ಬಸ್ಸಿಗೆ ಹೊತ್ತಾಗಿದ್ದರೂ ಬಾಗಿಲಲ್ಲೇ ನಿಂತ.

"ಅಜ್ಜಾರ, ನಾಳೆ ಯಾರರೆ ಒಬ್ಬರು ಬಂದು, ಇದು ಏನೂ ಚಲೋ ಇಲ್ಲ ಅಂದ್ರ?"

ಅಜ್ಜಾರು ಉಂಡ ಎಲೆಗಳನ್ನು ಬಳಿಯುತ್ತಿದ್ದವರು ತಲೆಯೆತ್ತಿದರು.

"ಮೊದಲ ಎಲಿ ಅವರಿಗೆ ಹಾಕು."