ಹಗೇವಿಗೆ ಇಳಿಯದ ಲೆಕ್ಕಿಗ

“ಅಮ್ಮಾ, ಕಳೆದುಹೋದ ನಂಬಿಕೆಯನ್ನು ಮತ್ತೆ ಗಳಿಸುವುದು ಹೇಗೆ?” ಎಂದು ಶೈಲಜಾ ಕೇಳಿದಳು.

ಶೈಲಜಾ ಲೆಕ್ಕಪರಿಶೋಧಕಿ. ಅವಳ ಕಚೇರಿಯ ಹಿರಿಯರೊಬ್ಬರು ಒಂದು ಸಹಕಾರ ಸಂಘದ ಲೆಕ್ಕಕ್ಕೆ ನೋಡದೆಯೇ ಸಹಿ ಹಾಕಿದ್ದರು. ಸಂಘ ಮುಳುಗಿತು. ಈಗ ಆಡಿಟರು ಎಂದರೆ ಸಾಕು, ಜನ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಹೊಸ ನಿಯಮ ಬಂತು, ಹೊಸ ಪ್ರತಿಜ್ಞೆ ಬರೆಸಿಕೊಂಡರು, ಆದರೂ ನಗು ನಿಂತಿಲ್ಲ ಎಂದಳು.

ಮಠದ ಗುರುವಮ್ಮ ಮರುಳಮ್ಮ ಆ ಕಡೆ ನೋಡಿದರು, ಈ ಕಡೆ ನೋಡಿದರು. ದನಿ ತಗ್ಗಿಸಿದರು.

“ಬಾಗಿಲು ಮುಂದಕ್ಕೆ ಮಾಡು. ಹತ್ತಿರ ಬಾ. ಇದು ನಿನ್ನ ಹೊಟ್ಟೆಯಲ್ಲೇ ಇರಬೇಕು, ಆಣೆ ಇಡು. ಈ ಕತೆಯ ಮನೆತನದವರು ಇನ್ನೂ ಇದ್ದಾರೆ, ಹಬ್ಬಕ್ಕೆ ನನಗೆ ಎಲೆ ಹಾಕುತ್ತಾರೆ. ನಾನು ಹೇಳಿದೆ ಅಂತ ಗೊತ್ತಾದರೆ ಒಬ್ಬಟ್ಟಿನ ಮೇಲೆ ತುಪ್ಪ ಬೀಳುವುದಿಲ್ಲ. ಅದಕ್ಕೇ ಹೆಸರು ಬೇಡ. ಒಬ್ಬ ಲೆಕ್ಕಿಗ. ಒಬ್ಬ ವರ್ತಕ. ಒಬ್ಬ ನೆರೆಯವಳು. ಅಷ್ಟು ಸಾಕು.”

ಶೈಲಜಾ ಆಣೆ ಇಟ್ಟಳು. ಗುರುವಮ್ಮ ಕತೆ ಹೇಳಿದರು.

ಒಂದು ಊರಿನಲ್ಲಿ ಐದು ಮಂದಿ ಲೆಕ್ಕಿಗರಿದ್ದರು. ಆ ಕಾಲದಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ಗಟ್ಟಿ ನೆಲದಲ್ಲಿ ಹೂಜಿಯ ಹಾಗೆ ತೋಡಿದ ಹಳ್ಳ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಹಗೇವು ವರ್ತಕರದು, ಒಳಗಿನ ರಾಗಿ ಮನೆಮನೆಯವರದು. ವರ್ಷಕ್ಕೊಮ್ಮೆ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಮೊದಲು ದೀಪ ಇಳಿಸಬೇಕು. ದೀಪ ಆರದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಲೆಕ್ಕಿಗನೇ ಇಳಿಯಬೇಕು. ಅಳತೆಗೋಲನ್ನು ನಾಲ್ಕು ಕಡೆ ತಳ ಮುಟ್ಟುವವರೆಗೆ ಚುಚ್ಚಬೇಕು. ಮೇಲೆ ಬಂದು, ಬಾಯಿಗೆ ಚಪ್ಪಡಿ ಮುಚ್ಚಿ, ಹಸಿ ಮಣ್ಣು ಮೆತ್ತಿ, ಅದರ ಮೇಲೆ ತನ್ನ ಮುದ್ರೆ ಒತ್ತಬೇಕು. ಬರೆದಷ್ಟು ರಾಗಿ ಒಳಗಿದೆ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ. ಊರಿನವರು ಯಾರೂ ಒಳಗೆ ಇಣುಕಿದವರಲ್ಲ. ಮುದ್ರೆ ನೋಡುತ್ತಿದ್ದರು, ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದರು.

ನಮ್ಮ ಲೆಕ್ಕಿಗನಿಗೆ ಐವತ್ತು ದಾಟಿತ್ತು. ಮಂಡಿ ಹಿಡಿಯುತ್ತಿತ್ತು. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಪಕ್ಕದ ಮನೆಯ ವಿಧವೆ ಗೋಡೆಯ ಮೇಲಿಂದ ದಿನಾ ಒಂದು ಬಟ್ಟಲು ಸಾರು ದಾಟಿಸುತ್ತಿದ್ದಳು. ಆ ಸಾರಿನ ಬಗ್ಗೆ ಊರು ಏನೇನೋ ಅಂದಿತು. ನಾನು ಅನ್ನುವುದಿಲ್ಲ. ಹುರುಳಿ ಸಾರು, ಅಷ್ಟೇ. ಆದರೆ ಅವನು ತೊಳೆದು ಹಿಂದಿರುಗಿಸುತ್ತಿದ್ದ ಬಟ್ಟಲು ದೇವರ ಮನೆಯ ತಂಬಿಗೆಗಿಂತ ಹೊಳೆಯುತ್ತಿತ್ತು. ಅದನ್ನು ಕಣ್ಣಾರೆ ಕಂಡವರಿದ್ದಾರೆ.

ಒಂದು ವರ್ಷ ವರ್ತಕ ಹಗೇವಿನ ಪಕ್ಕ ಹೊಂಗೆಯ ನೆರಳಿನಲ್ಲಿ ಚಾಪೆ ಹಾಸಿಸಿದ. ಎಳನೀರು ಕೆತ್ತಿಸಿದ.

“ಸ್ವಾಮಿ, ನಿಮ್ಮಂಥವರು ಹಳ್ಳಕ್ಕೆ ಇಳಿಯುವುದು ಚೆನ್ನವೇ? ಇಷ್ಟು ವರ್ಷದ ಮೇಲೂ ನನ್ನ ಮೇಲೆ ಅನುಮಾನವೇ?” ಎಂದ.

ಎಳನೀರಿಗೆ ಲೆಕ್ಕಿಗ ಬಗ್ಗಲಿಲ್ಲ. ಆ ಎರಡನೆಯ ಮಾತಿಗೆ ಬಗ್ಗಿದ. ಇಳಿದರೆ ಒಬ್ಬ ಮರ್ಯಾದಸ್ಥನನ್ನು ಕಳ್ಳ ಎಂದ ಹಾಗಾಗುತ್ತದಲ್ಲ ಎಂದು ಅವನಿಗೆ ಸಂಕೋಚವಾಯಿತು. ಬಾಯಿಯ ಬಳಿ ಮಂಡಿಯೂರಿ ಕೂತ. ಕೋಲನ್ನು ರಾಶಿಗೆ ತಾಗುವವರೆಗೆ ಇಳಿಸಿದ. ಅಲ್ಲಿಂದ ಕೆಳಗಿರುವುದೆಲ್ಲ ರಾಗಿ ಎಂದು ಬರೆದ. ಮುದ್ರೆ ಒತ್ತಿದ. ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಆಮೇಲೆ ಎಲ್ಲ ವರ್ತಕರ ಹಗೇವಿಗೂ ಅದೇ ರೂಢಿಯಾಯಿತು. ಅವನೊಬ್ಬನೇ ಅಲ್ಲ, ಉಳಿದ ನಾಲ್ವರೂ ಅಷ್ಟೇ. ಲೆಕ್ಕಿಗರ ಪಂಚೆಗೆ ಮಣ್ಣು ತಾಗುವುದೇ ನಿಂತುಹೋಯಿತು. ಅಗಸಗಿತ್ತಿಗೆ ಮೊದಲು ಗೊತ್ತಾಗಿತ್ತು. ಅವಳ ಮಾತು ಯಾರು ಕೇಳುತ್ತಾರೆ?

ನೆರೆಯವಳ ಮಗಳು ಹೆರಿಗೆಗೆ ತೌರಿಗೆ ಬಂದಳು. ಬಾಣಂತಿಯ ಅಂಬಲಿಗೆ, ಮಗುವಿನ ಸರಿಹಿಟ್ಟಿಗೆ ರಾಗಿ ಬೇಕು. ನೆರೆಯವಳು ತನ್ನ ರಾಗಿ ತರಲು ತಮ್ಮನನ್ನು ಕಳಿಸಿದಳು. ತೆಗೆದುಕೊಡುವ ವರ್ತಕನ ಆಳು ಕಾಣಲಿಲ್ಲ, ಅವನೇ ಆ ವರ್ತಕನ ಹಗೇವಿಗೆ ಇಳಿದು ರಾಗಿಯ ಮೇಲೆ ಕಾಲಿಟ್ಟ. ಕಾಲು ರಾಗಿಯನ್ನು ದಾಟಿತು, ಅದರ ಕೆಳಗಿನ ಬಿದಿರು ತಟ್ಟಿಯನ್ನು ಮುರಿಯಿತು, ಮನುಷ್ಯ ಕತ್ತಲೆಗೆ ಬಿದ್ದ. ಕೆಳಗೆ ಏನೂ ಇರಲಿಲ್ಲ. ಒಂದು ಮೊಳ ರಾಗಿ, ಅದರಡಿಗೆ ತಟ್ಟಿ, ತಟ್ಟಿಯಡಿ ಬರೀ ಹಳ್ಳ.

ವರ್ತಕ ಮೂರು ದಿನದ ಹಿಂದೆಯೇ ಕಾಶಿಗೆ ಹೊರಟಿದ್ದ. ಕಾಶಿಗೆ ಹೋಗುವವನಿಗೆ ಹನ್ನೆರಡು ರೇಷ್ಮೆ ಪಂಚೆ ಯಾಕೆ, ಅದೇ ದಿನ ಬಳೆ ಮಾರುವವಳು ಯಾಕೆ ಊರಲ್ಲಿ ಕಾಣಲಿಲ್ಲ, ಅದು ಈಗ ಬೇಡ. ನನಗೆ ಗೊತ್ತು, ಅಷ್ಟೇ.

ಊರು ಉರಿದುಬಿತ್ತು. ಎಲ್ಲ ಹಗೇವಿನ ಬಾಯಿ ತೆರೆಯಲು ಜನ ನುಗ್ಗಿದರು. ಎತ್ತಿಕೊಳ್ಳಲು ಆದಷ್ಟನ್ನು ಮನೆಗೆ ಹೊತ್ತರು. ಮನೆಯಲ್ಲಿ ಇಲಿ ತಿಂದಿತು, ಹುಳ ಹಿಡಿಯಿತು. ಆದರೂ ಲೆಕ್ಕಿಗರ ಮುದ್ರೆಗಿಂತ ಇಲಿಯೇ ಮೇಲು ಎಂದರು, ಇಲಿ ಎಷ್ಟು ತಿಂತು ಅಂತ ಕಣ್ಣಿಗಾದರೂ ಕಾಣುತ್ತದೆ ಎಂದರು.

ಗೋಡೆಯ ಮೇಲಿಂದ ಬಟ್ಟಲು ಬರುವುದು ನಿಂತಿತು.

ನಾನೂ ಮೋಸ ಹೋದವನೇ ಎಂದು ಲೆಕ್ಕಿಗ ಮೊದಲ ದಿನ ತನಗೆ ತಾನೇ ಹೇಳಿಕೊಂಡ. ಎರಡನೆಯ ದಿನವೂ ಹೇಳಿಕೊಂಡ. ಮೂರನೆಯ ದಿನ ಹೇಳಿಕೊಳ್ಳಲಾಗಲಿಲ್ಲ. ತನ್ನ ಮನೆಯ ರಾಗಿಯನ್ನೆಲ್ಲ ಮೂಟೆ ಕಟ್ಟಿ ಹೊತ್ತುಕೊಂಡು ಹೋಗಿ ನೆರೆಯವಳ ಬಾಗಿಲಲ್ಲಿ ಇಳಿಸಿದ. ಒಳಗೆ ಮಗು ಅಳುತ್ತಿತ್ತು. ಅವಳು ಹೊಸ್ತಿಲು ದಾಟಲಿಲ್ಲ.

“ಎತ್ಕೊಂಡು ಹೋಗು,” ಎಂದಳು. “ರಾಗಿ ಕೊಡಬೇಕಾದೋನು ಆ ವರ್ತಕ. ನಿನ್ನ ಹತ್ರ ನಾನು ಯಾವತ್ತು ರಾಗಿ ಕೇಳಿದ್ದೆ? ನಮಗೆ ಇಳಿಯೋಕಾಗಲ್ಲ, ನಮ್ಮ ಬದಲು ನೀನು ನೋಡ್ತೀಯ ಅಂದ್ಕೊಂಡಿದ್ದೆ. ನೀನು ಕೊಡಬೇಕಾಗಿದ್ದಿದ್ದು ನಿನ್ನ ಕಣ್ಣು.”

ಅವನು ಮೂಟೆ ಎತ್ತಿಕೊಂಡು ಬಂದ. ಹೋಗುವಾಗ ಇದ್ದದ್ದಕ್ಕಿಂತ ಅದು ಭಾರವಾಗಿತ್ತು.

ಲೆಕ್ಕಿಗರು ಸಭೆ ಸೇರಿದರು. ಹಿರಿಯ ಲೆಕ್ಕಿಗ ಹೇಳಿದ: “ಹಳೆಯ ಮುದ್ರೆ ನಾಣ್ಯದಷ್ಟಿತ್ತು. ಹೊಸದನ್ನು ಅಂಗೈಯಷ್ಟು ಮಾಡಿಸೋಣ. ಎಲ್ಲರೂ ಒದ್ದೆ ಬಟ್ಟೆಯಲ್ಲಿ ದೇವರ ಮುಂದೆ ಪ್ರಮಾಣ ಮಾಡೋಣ.” ಹಾಗೇ ಮಾಡಿದರು. ತಾಮ್ರದ ದೊಡ್ಡ ಮುದ್ರೆ ಬಂತು. ಮರುದಿನದಿಂದ ಬೀದಿಯ ಮಕ್ಕಳು ‘ದೊಡ್ಡ ಮುದ್ರೆ, ದೊಡ್ಡ ನಿದ್ರೆ’ ಎಂದು ಕುಣಿದವು. ಹಿರಿಯ ಲೆಕ್ಕಿಗನ ಮೊಮ್ಮಕ್ಕಳೂ ಜೊತೆಗೆ ಕುಣಿದವು. ನಗಬೇಡ, ನಿಜ.

ನಮ್ಮ ಲೆಕ್ಕಿಗ ಮುದ್ರೆ ತೆಗೆದುಕೊಳ್ಳಲಿಲ್ಲ. ಅಟ್ಟದ ಮೇಲಿದ್ದ ಅಳತೆಗೋಲು ಇಳಿಸಿದ. ಧೂಳು ಒರೆಸಿದ. ಉಳಿದ ಹಗೇವುಗಳಲ್ಲಿ ಇನ್ನೂ ಬಡವರ ರಾಗಿ ಇತ್ತು. ಹೊತ್ತು ತರಲು ಆಳಿಲ್ಲದವರು, ಇಡಲು ಮನೆಯಲ್ಲಿ ಜಾಗವಿಲ್ಲದವರು ಅಲ್ಲೇ ಬಿಟ್ಟಿದ್ದರು. ಅದನ್ನು ಇಳಿದು ಅಳೆಯಬೇಕು ಎಂದುಕೊಂಡ. ಆದರೆ ಹಗ್ಗ ಹಿಡಿಯಲು ಉಳಿದ ನಾಲ್ವರು ಲೆಕ್ಕಿಗರೂ ಬರಲಿಲ್ಲ. ಇವನು ಇಳಿದರೆ ನಾಳೆ ತಾವೂ ಇಳಿಯಬೇಕಲ್ಲ! ವರ್ತಕರ ಆಳುಗಳು ಹಿಡಿಯುತ್ತೇವೆ ಎಂದರು, ಇವನೇ ಬೇಡ ಎಂದ.

ಸಂಜೆ ನೆರೆಯವಳ ಬಾಗಿಲಿಗೆ ಹೋದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ.

“ನಾಳೆ ಹಗೇವಿಗೆ ಇಳಿಯುತ್ತೇನೆ. ಹಗ್ಗ ಹಿಡಿಯಬೇಕು. ನೀನೇ ಹಿಡಿಯಬೇಕು,” ಎಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಾನು ಹಗ್ಗ ಬಿಟ್ಟುಬಿಟ್ರೆ?”

“ಬಿಡು. ಅಳತೆ ಕೂಗುತ್ತೇನೆ, ಅದನ್ನು ಕೇಳಿಸಿಕೊಂಡು ಬಿಡು.”

ಅವಳು ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಹಗೇವಿನ ಬಳಿ ಅವಳಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕುಂಟುತ್ತ ಅವಳ ತಮ್ಮನೂ ಬಂದಿದ್ದ. ಲೆಕ್ಕಿಗ ಸಾಯುವುದನ್ನು ನೋಡಲು ಅರ್ಧ ಊರು ಬಂದಿತ್ತು. ನಮ್ಮ ಅಜ್ಜಿ ಮಡಿಲಲ್ಲಿ ಹುರಿಗಡಲೆ ಕಟ್ಟಿಕೊಂಡು ಹೋಗಿದ್ದಳಂತೆ. ಹಗ್ಗವನ್ನು ಕಲ್ಲುಕಂಬಕ್ಕೆ ಎರಡು ಸುತ್ತು ಹಾಕಿ ಅಕ್ಕ ತಮ್ಮ ಹಿಡಿದರು. ದೀಪ ಇಳಿಯಿತು, ಆರಲಿಲ್ಲ. ಲೆಕ್ಕಿಗ ಇಳಿದ. ನಾಲ್ಕು ಕಡೆ ಕೋಲು ಚುಚ್ಚಿದ. ಕೆಳಗಿನಿಂದಲೇ ಅಳತೆ ಕೂಗಿದ. ಮೇಲೆ ಅವಳು ಅದನ್ನು ಎಲ್ಲರಿಗೂ ಕೇಳುವ ಹಾಗೆ ಮತ್ತೆ ಕೂಗಿದಳು. ಪುಸ್ತಕದಲ್ಲಿ ಮಾತ್ರ ಇರುತ್ತಿದ್ದ ಅಳತೆ ಅವತ್ತು ಮೊದಲ ಸಲ ಬಯಲಿಗೆ ಬಿತ್ತು. ಆ ಹಗೇವು ಸರಿಯಾಗಿತ್ತು.

ಎರಡನೆಯ ಹಗೇವಿಗೆ ಇಳಿದ. ಪಕ್ಕಕ್ಕೆ ಸರಿಸಿದ ಅದರ ಚಪ್ಪಡಿಯ ಮೇಲೆ ಇದ್ದದ್ದು ಅವನದೇ ಹೋದ ವರ್ಷದ ಮುದ್ರೆ. ಕೋಲು ಚುಚ್ಚಿದ. ಎಳೆದಾಗ ತುದಿಯಲ್ಲಿ ಕಪ್ಪು ಕೆಸರು ಬಂತು, ಮೂಗಿಗೆ ಕೊಳೆತ ವಾಸನೆ ಹೊಡೆಯಿತು. ಎಲ್ಲಿಂದಲೋ ನೀರು ಜಿನುಗಿ ತಳದ ಎರಡು ಮೊಳ ರಾಗಿ ಕೊಳೆತುಹೋಗಿತ್ತು. ಕೆಸರು ಹೆಪ್ಪುಗಟ್ಟಿತ್ತು, ಎರಡು ಮೂರು ವರ್ಷದ ಹಿಂದಿನ ಕೊಳೆತ. ಇಳಿದಿದ್ದರೆ ಆಗಲೇ ಕಾಣುತ್ತಿತ್ತು.

ಲೆಕ್ಕಿಗ ಕೋಲು ಹಿಡಿದು ನಿಂತ. ಇದು ಕಳ್ಳತನವಲ್ಲ. ಈ ಹಗೇವಿನ ವರ್ತಕನಿಗೇ ಗೊತ್ತಿಲ್ಲ. ಕೆಳಗೆ ಇರುವುದು ತಾನೊಬ್ಬನೇ. ಒಂದು ತಪ್ಪಿಗೇ ಊರು ಉಗಿದಿದೆ. ಎರಡನೆಯದನ್ನು ತಾನೇ ಕೂಗಿ ಹೇಳಿದರೆ ಮೇಲೆ ಹತ್ತಿಸುತ್ತಾರೆಯೇ? ಕೋಲಿನ ತುದಿಯನ್ನು ರಾಗಿಯಲ್ಲಿ ಒರೆಸಿಬಿಟ್ಟರೆ ಮುಗಿಯಿತು. ಅವನ ಕೈ ಒರೆಸಲು ಬಗ್ಗಿತು ಎಂದೂ ಹೇಳುತ್ತಾರೆ. ಬಗ್ಗಿರಬಹುದು, ಅವನೂ ಮನುಷ್ಯನೇ.

“ತಳದಲ್ಲಿ ಎರಡು ಮೊಳ ಕೊಳೆತಿದೆ!” ಎಂದು ಕೂಗಿದ. “ಮೇಲಿರುವ ಮುದ್ರೆ ನನ್ನದು. ಅದು ಸುಳ್ಳು!”

ಮೇಲೆ ಅವಳು ಅದನ್ನು ಮತ್ತೆ ಕೂಗಲಿಲ್ಲ. ಸೊಂಟದ ಹಗ್ಗ ಸಡಿಲವಾಗಿ ಕಾಲ ಬಳಿ ಬಿದ್ದಿತ್ತು. ಅವನು ಎಳೆದು ನೋಡಲಿಲ್ಲ. ಎಳೆಯುವ ಹಕ್ಕು ತನಗಿಲ್ಲ ಎಂದುಕೊಂಡು ಕತ್ತಲಲ್ಲಿ ಕಾದ. ಎಷ್ಟು ಹೊತ್ತೋ ಅವನಿಗೆ ತಿಳಿಯಲಿಲ್ಲ. ನಮ್ಮ ಅಜ್ಜಿಯ ಹುರಿಗಡಲೆ ಮುಗಿದಿತ್ತಂತೆ.

ಆಮೇಲೆ ಅವಳ ದನಿ ಕೇಳಿಸಿತು. “ಎರಡು ಮೊಳ ಕೊಳೆತಿದೆ! ಮುದ್ರೆ ಸುಳ್ಳು!” ಹಗ್ಗ ಬಿಗಿಯಾಯಿತು.

ಮೇಲೆ ಬಂದಾಗ ಆ ಹಗೇವಿನ ವರ್ತಕ ಹಲ್ಲು ಕಡಿದ. “ಹೇಳದೇ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?” ಎಂದ. ಲೆಕ್ಕಿಗ ಹಳೆಯ ಮುದ್ರೆಯ ಮಣ್ಣನ್ನು ಕಾಲಿನಿಂದ ಒಡೆದ. ಹೊಸದನ್ನು ಒತ್ತಲಿಲ್ಲ. ಅವಳು ಹಗ್ಗ ಸುತ್ತುತ್ತಿದ್ದಳು. ಅವಳ ಅಂಗೈ ಸುಲಿದಿತ್ತು. ಅವನು ನೋಡಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮುಂದಿನ ವರ್ಷವೂ ಅವನು ಇಳಿದ, ಅವಳು ಹಿಡಿದಳು. ಕೂಲಿ ಯಾರೂ ಕೊಡಲಿಲ್ಲ. ಮೂರನೆಯ ವರ್ಷ ಇನ್ನೊಬ್ಬ ಲೆಕ್ಕಿಗ ಪಂಚೆ ಎತ್ತಿಕಟ್ಟಿಕೊಂಡು ಬಂದ. ಐದನೆಯ ವರ್ಷ ಹಿರಿಯ ಲೆಕ್ಕಿಗನೂ ಇಳಿದ, ಇಳಿದು ಕೆಳಗಿನಿಂದ ಅಮ್ಮಾ ಅಂದ. ಹಗ್ಗ ಹಿಡಿಯುವವರು ಲೆಕ್ಕಿಗರೂ ಆಗಿರಬಾರದು, ವರ್ತಕರ ಕಡೆಯವರೂ ಆಗಿರಬಾರದು, ರಾಗಿ ಕಳೆದುಕೊಂಡ ಮನೆಯವರೇ ಆಗಿರಬೇಕು ಎಂದು ಆ ಊರಲ್ಲಿ ಕಟ್ಟಳೆಯಾಯಿತು. ಅಗಸಗಿತ್ತಿ ಮಣ್ಣಿನ ಪಂಚೆಗೆ ಕೂಲಿ ಹೆಚ್ಚಿಸಿದಳು.

ಗುರುವಮ್ಮ ಕತೆ ನಿಲ್ಲಿಸಿದರು. ಶೈಲಜಾ ಕೇಳಿದಳು:

“ಹಾಗಾದರೆ ಅಮ್ಮಾ, ಕೊನೆಗೆ ನಂಬಿಕೆ ಬಂತೇ?”

“ಊರಿನದು ನನಗೆ ಗೊತ್ತಿಲ್ಲ, ತಾಯಿ,” ಎಂದರು ಗುರುವಮ್ಮ. “ಆರನೆಯ ವರ್ಷ ಆ ನೆರೆಯವಳು ತಲೆಯ ಮೇಲೆ ಒಂದು ಪುಟ್ಟಿ ಹೊತ್ತುಕೊಂಡು ಹಗೇವಿನ ಹತ್ತಿರ ಬಂದಳು. ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದಳು: ‘ಎರಡು ಕೊಳಗ ರಾಗಿ ತಂದಿದ್ದೀನಿ, ಹಗೇವಲ್ಲಿ ಇಡು. ಮಿಕ್ಕಿದ್ದು ಮನೇಲೇ ಇರಲಿ, ಮುಂದಿನ ವರ್ಷವೂ ಇಳೀತೀಯೇನೋ ನೋಡ್ತೀನಿ.’”