ರಕ್ಕಸಿ ಮುಡಿದ ಕಾಗದದ ಹೂ

"ಕೇಳ್ರಪ್ಪೋ ಕೇಳ್ರಿ! ಕಲ್ಲುಕಣಿವೆಯ ದಾರಿಗೆ ಅಡ್ಡ ಕೂತಿರೋ ರಕ್ಕಸಿಯ ಮೂರು ಒಗಟು ಬಿಡಿಸಿ, ಅವಳನ್ನು ಅಲ್ಲಿಂದ ಎಬ್ಬಿಸಿದವರಿಗೆ ಅರ್ಧ ರಾಜ್ಯ! ತಪ್ಪು ಹೇಳಿದವರು ಅಮಾವಾಸ್ಯೆಗೆ ಅವಳ ಊಟ! ಮಹಾರಾಜರ ಅಪ್ಪಣೆ!"

ಡಂಗುರದವನು ಹೀಗೆ ಸಾರುವ ಹೊತ್ತಿಗೆ ಆ ರಾಜ್ಯದ ಜನ ಉಪ್ಪು ಕಂಡು ತಿಂಗಳುಗಳೇ ಆಗಿದ್ದವು. ಉಪ್ಪಿನ ಗಾಡಿಗಳು ಬರಲು ಇದ್ದದ್ದು ಆ ಕಣಿವೆಯ ದಾರಿಯೊಂದೇ. ಅರಮನೆಯಲ್ಲೂ ಸಪ್ಪೆ ಸಾರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ, ಆ ಗಾದೆಯ ಮೊದಲರ್ಧ ರಾಜನಿಗೂ ಚೆನ್ನಾಗಿ ಅರ್ಥವಾಗಿತ್ತು.

ಆ ಊರಲ್ಲಿ ಕಾಗದದ ಹೂ ಮಾಡಿ ಬದುಕುವ ಮನೆಯೊಂದಿತ್ತು. ತಾಯಿ ಮತ್ತು ಕಿರಿಮಗ ಸಣ್ಣೀರ ಜಗಲಿಯಲ್ಲಿ ಕೂತು ಬಣ್ಣದ ಹಾಳೆ ಮಡಚಿ, ನೂಲು ಬಿಗಿದು, ಎಸಳು ಬಿಡಿಸಿ ಮದುವೆ ಚಪ್ಪರಗಳಿಗೆ ಕೊಡುತ್ತಿದ್ದರು. ಹಿರಿಮಗ ದೊಡ್ಡೀರ ಪೈಲ್ವಾನ. "ಹೆಂಗಸರ ಕೆಲಸ ಕಣೋ ಇದು" ಎಂದು ತಮ್ಮನನ್ನು ತಾನು ಗೇಲಿ ಮಾಡುತ್ತಿದ್ದ. ಬೇರೆ ಯಾರಾದರೂ ಹಾಗೆಂದರೆ ಮಾತ್ರ ಅವರ ಬೆನ್ನಿಗೆ ಮಣ್ಣು ಮೆತ್ತುತ್ತಿತ್ತು. ಸಣ್ಣೀರನಿಗೆ ಅಣ್ಣನೆಂದರೆ ಪ್ರಾಣ. ಡಂಗುರ ಕೇಳಿದ್ದೇ ತಡ ದೊಡ್ಡೀರ ತೊಡೆ ತಟ್ಟಿ ಕಣಿವೆಗೆ ಹೊರಟಾಗ, ಹಾಳೆಯ ಚೀಲ ಹೆಗಲಲ್ಲಿದ್ದ ಹಾಗೇ ಅವನ ಹಿಂದೆ ಓಡಿದ.

ರಕ್ಕಸಿ ದಾರಿ ತುಂಬ ಕೂತಿದ್ದಳು. ಅವಳ ಸುತ್ತ ಬಾಡಿದ ಹೂಗಳು ರಾಶಿ ಬಿದ್ದಿದ್ದವು. ನೆರೆದವರಿಗೆಲ್ಲ ಕೇಳುವಂತೆ ಮೂರು ಒಗಟನ್ನೂ ಒಟ್ಟಿಗೇ ಒಡ್ಡಿದಳು.

"ಒಂದು, ನೀರಲ್ಲಿ ನೆನೆದು ಹುಟ್ಟುತ್ತೆ, ಬಿಸಿಲಲ್ಲಿ ಮೈ ಪಡೆಯುತ್ತೆ, ಮತ್ತೆ ನೀರು ಸೋಕಿದ್ರೆ ಸಾಯುತ್ತೆ. ಒಂದು ಸಲ ಬೆನ್ನು ಬಗ್ಗಿಸಿದ್ರೆ ಸಾಯೋ ತನಕ ಮರೆಯಲ್ಲ. ಎರಡು, ತಾನು ಬಚ್ಚಿಟ್ಕೊಂಡು ಎಲ್ಲರನ್ನೂ ಒಟ್ಟಿಗೆ ಹಿಡಿದಿರುತ್ತೆ. ಅದನ್ನ ಹೊಗಳೋರು ಯಾರೂ ಇಲ್ಲ, ಅದು ಹೋದ್ರೆ ಎಲ್ಲ ಚೆಲ್ಲಾಪಿಲ್ಲಿ. ಮೂರು, ನಾನು ಮುಟ್ಟಿದ ಹೂವೆಲ್ಲ ಬಾಡುತ್ತೆ. ನನ್ನ ಕೈಯಲ್ಲೇ ಅರಳಿ, ನನ್ನ ತಲೆ ಮೇಲೆ ಬಾಡದೆ ಉಳಿಯೋ ಹೂ ಯಾವುದು?"

ದೊಡ್ಡೀರನಿಗೆ ಮೊದಲ ಒಗಟಿನ ಅರ್ಧವೇ ಸಾಕಾಯಿತು. "ಉಪ್ಪು!" ಎಂದು ಗುಡುಗಿದ.

"ಉಪ್ಪಿಗೆ ಬೆನ್ನೆಲ್ಲಿದೆಯೋ?" ಎಂದು ರಕ್ಕಸಿ ಅವನನ್ನು ಗವಿಗೆ ನೂಕಿ ಬಂಡೆ ಮುಚ್ಚಿದಳು. ಅವನ ಗತಿ ತಿಳಿಯದೆ ಆಮೇಲೆ ಬಂದ ಹಲವರೂ ಉಪ್ಪು ಎಂದೇ ಹೇಳಿ ಗವಿ ಸೇರಿದರು. ನಾಲಿಗೆ ಬೇಡಿದ್ದನ್ನೇ ಬಾಯಿ ಹೇಳುತ್ತದೆ, ಏನು ಮಾಡುವುದು!

ಒಬ್ಬ ಆಸ್ಥಾನಿಕ ಎರಡನೆಯ ಒಗಟು ಹಿಡಿದ. "ಎಲ್ಲರನ್ನೂ ಒಟ್ಟಿಗೆ ಹಿಡಿದಿರುವವರು ನಮ್ಮ ಮಹಾರಾಜರು!"

"ಹೊಗಳೋರಿಲ್ಲದ ಮಹಾರಾಜನಾ? ಈಗ ನೀನು ಮಾಡಿದ್ದೇನು ಮತ್ತೆ?" ಅವನೂ ಒಳಗಾದ.

ನೆರೆರಾಜ್ಯದ ರಾಜಕುಮಾರನೊಬ್ಬ ಮೂರನೆಯದಕ್ಕೆ ಚಿನ್ನದ ಹೂ ನೀಡಿದ. ರಕ್ಕಸಿ ಅಂಗೈಯಲ್ಲಿಟ್ಟುಕೊಂಡು ಕಾದಳು. ಚಿನ್ನ ಬಾಡಲಿಲ್ಲ, ಅರಳಲೂ ಇಲ್ಲ. ಅವನನ್ನೂ ಗವಿಗೆ ಹಾಕಿದಳು.

ಅಣ್ಣನನ್ನು ಬಿಟ್ಟು ಹೋಗಿ ಅವ್ವನಿಗೆ ಯಾವ ಮುಖ ತೋರಿಸಲಿ ಎಂದುಕೊಂಡು ಸಣ್ಣೀರ ಮುಂದೆ ಬಂದ.

"ಅಕ್ಕಾ, ಮೊದಲನೆಯದು ಕಾಗದ. ಹಳೆ ಬಟ್ಟೆ, ನಾರು ನೀರಲ್ಲಿ ಕೊಳೆಸಿ ಮಾಡ್ತಾರೆ. ಬಿಸಿಲಲ್ಲಿ ಒಣಗಿಸ್ತಾರೆ. ಒಂದು ಸಲ ಮಡಚಿದ್ರೆ ಮಡಿಕೆ ಹೋಗಲ್ಲ. ಎರಡನೆಯದು ನೂಲು. ಹೂವಿನ ನಡುವಲ್ಲಿ ಅಡಗಿ ಎಸಳನ್ನೆಲ್ಲ ಹಿಡಿದಿರುತ್ತೆ. ಹೂ ಚಂದ ಅಂತಾರೇ ಹೊರತು ನೂಲು ಚಂದ ಅಂತ ಯಾರೂ ಅನ್ನಲ್ಲ."

ರಕ್ಕಸಿ ನೆಟ್ಟಗೆ ಕೂತಳು. "ಮೂರನೆಯದು?"

"ಅದನ್ನ ಬಾಯಲ್ಲಿ ಹೇಳೋಕಾಗಲ್ಲ" ಎಂದು ಸಣ್ಣೀರ ಕೆಂಪು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಬೀಸಣಿಗೆಯಂತೆ ಮಡಚಿ, ನಡುವೆ ನೂಲು ಬಿಗಿದು ಅವಳ ಕೈಗಿಟ್ಟ. "ಅರಳಿಸೋದು ನೀನು. ಪದರ ಪದರವಾಗಿ ಮೇಲೆ ಎಬ್ಬಿಸು."

ರಕ್ಕಸಿ ಆಸೆಯಿಂದ ಎಳೆದಳು. ಹಾಳೆ ಪರ್‍ರೆಂದು ಹರಿಯಿತು. ಅವಳು ಕೂಗಿದ ಕೂಗಿಗೆ ಜನ ಚದುರಿ ಓಡಿದರು. ಚೀಲದಲ್ಲಿ ಇನ್ನೊಂದೇ ಹೂವಿಗಾಗುವಷ್ಟು ಹಾಳೆಯಿತ್ತು. ಸಣ್ಣೀರ ಓಡಲಿಲ್ಲ. ಇನ್ನೊಂದನ್ನು ಮಡಚಿ, ಕಟ್ಟಿ ಕೊಟ್ಟ.

"ಮಗು ಕೆನ್ನೆ ಮುಟ್ಟೋ ಹಂಗೆ ಮುಟ್ಟಕ್ಕ. ಅವಸರ ಬೇಡ."

ಅವಳು ಉಸಿರು ಬಿಗಿಹಿಡಿದಳು. ಬೆರಳ ತುದಿಯಿಂದ ಒಂದು ಪದರ ಎದ್ದಿತು. ಇನ್ನೊಂದು ಎದ್ದಿತು. ನೋಡನೋಡುತ್ತ ಆ ಒರಟು ಅಂಗೈಯಲ್ಲಿ ಕೆಂಪು ಹೂ ತುಂಬಿಕೊಂಡು ಅರಳಿತು. ರಕ್ಕಸಿ ಅದನ್ನು ಮುಡಿದು ಕಣ್ಣು ಮುಚ್ಚಿ ಕಾದಳು. ಬಾಡಲಿಲ್ಲ.

"ಇದರ ಉತ್ತರ ನಂಗೂ ಗೊತ್ತಿರಲಿಲ್ಲ ಕಣೋ" ಎಂದು ಅವಳು ಗಳಗಳ ಅತ್ತಳು. "ಹುಟ್ಟಿದಾಗಿಂದ ಒಂದು ಹೂ ಮುಡಿದಿರಲಿಲ್ಲ." ಬಂಡೆ ಸರಿಸಿ ಎಲ್ಲರನ್ನೂ ಬಿಟ್ಟಳು. ತಲೆ ಅಲುಗದಂತೆ ಹುಷಾರಾಗಿ ಬೆಟ್ಟ ಹತ್ತಿ ಹೋದಳು.

ಸುದ್ದಿ ಕೇಳಿ ಮಹಾರಾಜ ಕಣಿವೆಗೇ ಬಂದ. "ಚಿನ್ನ ಸೋತ ಕಡೆ ಕಾಗದ ಹೇಗೆ ಗೆದ್ದಿತಪ್ಪ?"

"ಮಾಸ್ವಾಮಿ, ತನ್ನ ಕೈಯಲ್ಲೇ ಅರಳಬೇಕು ಅಂದಿದ್ಲು ರಕ್ಕಸಿ. ನಾನೇ ಅರಳಿಸಿ ಕೊಟ್ಟಿದ್ರೆ ಅದೂ ಚಿನ್ನದ ಹೂವಿನ ಹಂಗೇ ಆಗ್ತಿತ್ತು. ಎಸಳು ಬಿಡಿಸೋ ಖುಷಿ ಅವಳಿಗೇ ಬಿಟ್ಟೆ, ಅಷ್ಟೇ."

ಮಹಾರಾಜ ತನ್ನ ಪೇಟ ತೆಗೆದು ಅವನ ತಲೆಗಿಟ್ಟು, ಅರ್ಧ ರಾಜ್ಯ ನಿನ್ನದು ಎಂದು ಎಲ್ಲರ ಮುಂದೆ ಸಾರಿದ. ಅಷ್ಟರಲ್ಲಿ ದೊಡ್ಡೀರ ಜನರನ್ನು ತಳ್ಳಿಕೊಂಡು ಬಂದು, ಹೊಸ ದೊರೆಯನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಊರ ದಾರಿ ಹಿಡಿದ.

"ಇಳಿಸಣ್ಣ, ಜನ ನೋಡ್ತಾರೆ!"

"ನೋಡ್ಲಿ ಬಿಡೋ" ಎಂದ ದೊಡ್ಡೀರ. "ನೋಡ್ಲಿ ಅಂತಾನೇ ಎತ್ಕೊಂಡಿರೋದು."